ಎಣ್ಣೆಯೊಂದೇ ಕಾಯುವುದಿಲ್ಲ
ಚಟ್ನಿ, ಉಪ್ಪಿನಕಾಯಿ ಮಾಡಿ ಮಾರುವ ಸ್ವಸಹಾಯ ಸಂಘಗಳ ಅಕ್ಕ-ತಂಗಿಯರಿಗೊಂದು ಬಹಿರಂಗ ಪತ್ರ

ಅಕ್ಕಂದಿರೇ, ತಂಗಿಯರೇ,

ನಾನು ನಿಮ್ಮ ಗಿರಾಕಿ. ವಾರದ ಸಂತೆಯಲ್ಲಿ, ಸರಸ್ ಮೇಳದಲ್ಲಿ, ತಾಲೂಕು ಕಚೇರಿಯ ಮಗ್ಗುಲಿನ ಪುಟ್ಟ ಮಳಿಗೆಯಲ್ಲಿ ನೀವು ಇಡುವ ರಂಜಕ, ಬೆಳ್ಳುಳ್ಳಿ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಶುಂಠಿ-ಬೆಳ್ಳುಳ್ಳಿ ಪೇಸ್ಟುಗಳನ್ನು ಕೊಂಡು ಉಣ್ಣುವವರಲ್ಲಿ ಒಬ್ಬಳು. ನಿಮ್ಮ ಕೈರುಚಿಯ ಬಗ್ಗೆ ನನಗೆ ತಕರಾರಿಲ್ಲ. ನಿಮ್ಮ ಮೇಜಿನ ಮೇಲೆ ಈಚೆಗೆ ಕಾಣತೊಡಗಿರುವ ಒಂದು ಬಗೆಯ ಬಾಟಲಿಯ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕಾಗಿದೆ.

ಗಾಜಿನ ಬಾಟಲಿ. ಅದರಲ್ಲಿ ಬಂಗಾರದ ಬಣ್ಣದ ಎಣ್ಣೆ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿ ಎಸಳು, ನಾಲ್ಕು ಒಣಮೆಣಸು. ಚೀಟಿಯ ಮೇಲೆ ಹೆಮ್ಮೆಯ ಸಾಲು: ವಿನೆಗರ್ ಹಾಕಿಲ್ಲ, ಪ್ರಿಸರ್ವೇಟಿವ್ ಹಾಕಿಲ್ಲ, ಉಪ್ಪು ಕಡಿಮೆ, ಆರು ತಿಂಗಳು ಕೆಡುವುದಿಲ್ಲ. ಕೊಳ್ಳುವವರಿಗೆ ಇದೆಲ್ಲ ಗುಣದ ಪಟ್ಟಿಯಂತೆ ಕಾಣುತ್ತದೆ. ಬೆಳ್ಳುಳ್ಳಿಯ ಸ್ವಭಾವ ಬಲ್ಲವರಿಗೆ ಇದು ಅಪಾಯದ ಪಟ್ಟಿ.

ಬೆಳ್ಳುಳ್ಳಿಯನ್ನು ಕೆಡದಂತೆ ಕಾಯುವುದು ನಾಲ್ಕು ಸಂಗತಿ: ಒಣಗಿರುವಿಕೆ, ಉಪ್ಪು, ಹುಳಿ, ತಂಪು. ಇವುಗಳಲ್ಲಿ ಒಂದಾದರೂ ಗಟ್ಟಿಯಾಗಿ ನಿಂತಿರಬೇಕು. ಎಣ್ಣೆ ಈ ಸಾಲಿಗೆ ಸೇರುವುದಿಲ್ಲ. ಯಾಕೆಂದು ಹೇಳುವ ಮುನ್ನ ಗಡ್ಡೆಯಿಂದಲೇ ಶುರು ಮಾಡುತ್ತೇನೆ. ಬಾಟಲಿಯ ಕಥೆ ಅರ್ಧ ನಿರ್ಧಾರವಾಗುವುದು ನೀವು ಮಂಡಿಯಲ್ಲಿ ಚೀಲ ಆರಿಸುವ ಹೊತ್ತಿಗೇ.

ಚೀಲ ಆರಿಸುವಾಗ

ನಮ್ಮ ದೇಶದ ಬೆಳ್ಳುಳ್ಳಿಯ ಬಹುಪಾಲು ಹಿಂಗಾರಿನದು. ಅಕ್ಟೋಬರ್-ನವೆಂಬರಿನಲ್ಲಿ ಊರಿ, ಫೆಬ್ರವರಿಯಿಂದಾಚೆಗೆ ಕೀಳುತ್ತಾರೆ. ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆಯ ಮಾಲು ಆಮೇಲೆ ನಮ್ಮ ಮಾರುಕಟ್ಟೆಗಳಿಗೂ ಹರಿದು ಬರುತ್ತದೆ. ನಮ್ಮಲ್ಲಿ ರಾಣೆಬೆನ್ನೂರಿನ ಸೀಮೆಯೂ ಸೇರಿದಂತೆ ಕೆಲವು ಕಡೆ ಮುಂಗಾರಿನಲ್ಲೂ ಬೆಳೆಯುತ್ತಾರೆ. ಮಳೆಗಾಲದ ತೇವದಲ್ಲಿ ಬೆಳೆದು ಕಿತ್ತ ಮಾಲು ಘಮಘಮ ಎನ್ನುತ್ತದೆ, ಆದರೆ ಹಿಂಗಾರಿನದರಷ್ಟು ಬಾಳುವುದಿಲ್ಲ. ತಿಂಗಳುಗಟ್ಟಲೆ ಇಡಬೇಕಾದ ದಾಸ್ತಾನಿಗೆ ಬೇಸಿಗೆಯ ಮಾಲೇ ಲೇಸು.

ಬೆಲೆಯ ಆಟ ನಿಮಗೆ ಗೊತ್ತೇ ಇದೆ. 2024ರ ಆರಂಭದಲ್ಲಿ ಚಿಲ್ಲರೆ ಅಂಗಡಿಗಳಲ್ಲಿ ಕೆಜಿಗೆ 400 ರೂಪಾಯಿ ದಾಟಿದ ದಿನಗಳನ್ನು ಯಾವ ಅಡುಗೆಮನೆಯೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಸಂಘದವರು ಅಗ್ಗವಾಗಿದ್ದಾಗಲೇ ನಾಲ್ಕು ಚೀಲ ಕೊಂಡಿಡೋಣ ಎಂದುಕೊಳ್ಳುವುದು ಜಾಣತನವೇ. ಆದರೆ ಅಗ್ಗಕ್ಕೆ ಸಿಗುವ ಚೀಲ ಎಷ್ಟೋ ಸಲ ಸರಿಯಾಗಿ ಆರದ ಹಸಿ ಮಾಲಾಗಿರುತ್ತದೆ.

ಬೆಳ್ಳುಳ್ಳಿ ಕಿತ್ತ ಮೇಲೆ ಅದನ್ನು ಸೊಪ್ಪಿನ ಸಮೇತ ನೆರಳಿನಲ್ಲಿ, ಗಾಳಿಯಾಡುವ ಕಡೆ ಹರಡಿಯೋ ಕಟ್ಟಿ ತೂಗುಹಾಕಿಯೋ ಒಂದೆರಡು ವಾರ ಆರಿಸಬೇಕು. ಆಗ ಹೊರಗಿನ ಸಿಪ್ಪೆ ಕಾಗದದಂತಾಗುತ್ತದೆ, ಕತ್ತು ಒಣಗಿ ಮುಚ್ಚಿಕೊಳ್ಳುತ್ತದೆ. ಆ ಮುಚ್ಚಿದ ಕತ್ತೇ ಬೂಷ್ಟಿಗೆ ಹಾಕಿದ ಬಾಗಿಲು. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಗಡ್ಡೆಯನ್ನು ಕೈಯಲ್ಲಿ ಹಿಡಿದು ಉಜ್ಜಿದರೆ ಸರಸರ ಸದ್ದಾಗಬೇಕು. ಕತ್ತನ್ನು ಎರಡು ಬೆರಳಲ್ಲಿ ಒತ್ತಿದರೆ ಹಸಿಯಾಗಿ ಬಾಗಬಾರದು. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಬುಡದ ಬೇರಿನ ಬಿಲ್ಲೆ ಗಟ್ಟಿಯಾಗಿ, ಒಣಗಿ ಇರಬೇಕು. ಅಲ್ಲಿ ಬಿಳಿ ಅಥವಾ ತಿಳಿಗೆಂಪು ನವಿರು ಕಂಡರೆ, ಹೊಸ ಬೇರು ಮೂಡಿದ್ದರೆ ಆ ಚೀಲ ಎಲ್ಲೋ ತೇವ ಕುಡಿದಿದೆ ಎಂದರ್ಥ. ಚೀಲದ ಮೇಲ್ಗಡೆಯ ಗಡ್ಡೆಗಳನ್ನಷ್ಟೇ ನೋಡಬೇಡಿ. ನಡುವಿಗೆ ಕೈ ಹಾಕಿ. ಒಳಗೆ ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ ಹಿಂದಕ್ಕೆ ತಳ್ಳಿ.

ಮನೆಗೆ ತಂದ ಮೇಲೆ

ಗಡ್ಡೆ ಕಿತ್ತ ಮೇಲೂ ಜೀವಂತ. ಅದು ಉಸಿರಾಡುತ್ತದೆ, ಉಸಿರಿನ ಜೊತೆ ತೇವ ಬಿಡುತ್ತದೆ, ಮೊಳೆಯಲು ಕಾಲ ಕಾಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತಾನು ಬಿಟ್ಟ ತೇವದಲ್ಲಿ ತಾನೇ ನೆನೆಯುತ್ತದೆ. ಬಲೆ ಚೀಲ, ಬಿದಿರ ಬುಟ್ಟಿ, ತೂತಿರುವ ತಟ್ಟೆ, ಹಳೆಯ ಮನೆಗಳ ನೆಲುವು ಯಾವುದಾದರೂ ಸರಿ. ಗಾಳಿ ಸುತ್ತಲೂ ಆಡಬೇಕು. ಗೋಡೆಗೆ ಒರಗಿಸಿ, ನೆಲದ ಮೇಲೆ ಒಂದರ ಮೇಲೊಂದು ಚೀಲ ಪೇರಿಸುವುದು ಬೇಡ. ಬಿಸಿಲು ನೇರ ಬೀಳಬಾರದು. ಗ್ಯಾಸ್ ಒಲೆಯ ಮೇಲಿನ ಕಪಾಟು ಕೈಗೆ ಹತ್ತಿರವಾದರೂ ಅಲ್ಲಿಗೆ ಕುಕ್ಕರಿನ ಹಬೆಯೆಲ್ಲ ಏರುತ್ತದೆ. ಗಡ್ಡೆಗಳನ್ನು ತೊಳೆಯಬೇಡಿ, ಬೇಕಾಗುವವರೆಗೆ ಬಿಡಿಸಬೇಡಿ. ಇಡೀ ಗಡ್ಡೆ ಚೆನ್ನಾಗಿ ಆರಿದ್ದರೆ ಮೂರರಿಂದ ಆರು ತಿಂಗಳು ನಿಲ್ಲುತ್ತದೆ. ಒಡೆದು ಎಸಳು ಬಿಡಿಸಿದ ಮೇಲೆ, ಸಿಪ್ಪೆ ಇದ್ದರೂ, ವಾರ ಹತ್ತು ದಿನದಲ್ಲಿ ಬಳಸಿಬಿಡಬೇಕು.

ಫ್ರಿಜ್ಜಿನಲ್ಲಿಟ್ಟರೆ ಹೆಚ್ಚು ಬಾಳುತ್ತದೆ ಎನ್ನುವವರಿದ್ದಾರೆ. ಇಡೀ ಗಡ್ಡೆಯ ಮಟ್ಟಿಗೆ ಇದು ತಿರುವುಮುರುವು. ವಾಣಿಜ್ಯ ಶೀತಗೃಹಗಳು ಬೆಳ್ಳುಳ್ಳಿಯನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ತೇವಾಂಶ ನೂರಕ್ಕೆ 60ರಿಂದ 70ರಷ್ಟಿರುವಂತೆ ನೋಡಿಕೊಂಡು ಇಡುತ್ತವೆ. ಮನೆಯ ಫ್ರಿಜ್ಜಿನ 4ರಿಂದ 10 ಡಿಗ್ರಿಯ ಚಳಿ, ತರಕಾರಿ ಡಬ್ಬಿಯ ತೇವ ಸೇರಿದರೆ ಗಡ್ಡೆಗೆ ಚಳಿಗಾಲ ಬಂತು, ಇನ್ನು ಮೊಳೆಯಬಹುದು ಎನ್ನುವ ಸೂಚನೆ ಸಿಕ್ಕಂತಾಗುತ್ತದೆ. ಅಲ್ಲಿಂದ ಹೊರತೆಗೆದ ಮೇಲಂತೂ ಮೊಳಕೆ ಓಡೋಡಿ ಬರುತ್ತದೆ. ಹಾಗಾಗಿ ಇಡೀ ಗಡ್ಡೆ ಹೊರಗೆ, ಸುಲಿದ ಎಸಳು ಫ್ರಿಜ್ಜಿನಲ್ಲಿ.

ಕರಾವಳಿ, ಮಲೆನಾಡಿನವರ ಕಷ್ಟ ಬೇರೆ. ಆಷಾಢದಲ್ಲಿ ಗಾಳಿಯೇ ಒದ್ದೆ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಒಣ ಶಾಖ, ಹೊಗೆ ಎರಡೂ ಇದ್ದವು. ಗ್ಯಾಸ್ ಬಂದ ಮೇಲೆ ಆ ಅನುಕೂಲ ಹೋಯಿತು. ಅಲ್ಲಿಯ ಸಂಘಗಳು ಮಳೆಗಾಲಕ್ಕೆ ದೊಡ್ಡ ದಾಸ್ತಾನು ಮಾಡದೆ ಹದಿನೈದು ದಿನಕ್ಕೊಮ್ಮೆ ಬೇಕಾದಷ್ಟೇ ತರಿಸುವುದು ಒಳ್ಳೆಯದು. ಬೇಸಿಗೆಯಲ್ಲೇ ಸುಲಿದು, ಬಿಲ್ಲೆ ಮಾಡಿ, ಕಟಕಟ ಮುರಿಯುವಷ್ಟು ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಚಟ್ನಿಪುಡಿಗೆ ವರ್ಷಪೂರ್ತಿ ಆಗುತ್ತದೆ.

ಕೆಟ್ಟದ್ದು ಯಾವುದು, ಕೆಡದ್ದು ಯಾವುದು

ಮನೆಯಡುಗೆಯಲ್ಲಿ ಒಂದು ಎಸಳು ಹೆಚ್ಚುಕಡಿಮೆಯಾದರೆ ಒಂದು ಸಾರು ಹಾಳು. ನೀವು ಹತ್ತು ಕೆಜಿ ರುಬ್ಬುವವರು. ಕೊಳೆತ ನಾಲ್ಕು ಎಸಳು ಗ್ರೈಂಡರಿಗೆ ಬಿದ್ದರೆ ಇಡೀ ರುಬ್ಬಿಗೆ ಹಬ್ಬುತ್ತದೆ. ಸುಲಿಯುವ ಕೈಗಳೇ ನಿಮ್ಮ ತಪಾಸಣಾ ಠಾಣೆ. ಸುಲಿಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವ ಸಂಘಗಳು ಆರಿಸಿ ಬಿಸಾಡಿದ್ದನ್ನೂ ತೂಕಕ್ಕೆ ಸೇರಿಸಿಕೊಳ್ಳಲಿ. ಇಲ್ಲದಿದ್ದರೆ ಕೆಟ್ಟ ಎಸಳನ್ನು ಬಿಸಾಡಿದವಳಿಗೇ ನಷ್ಟವಾಗುತ್ತದೆ.

ನೀಲಿ-ಹಸಿರು ಪುಡಿಯಂಥ ಬೂಷ್ಟು ದಾಸ್ತಾನಿನ ಬೆಳ್ಳುಳ್ಳಿಗೆ ಬರುವ ಸಾಮಾನ್ಯ ಪೀಡೆ. ಪೆನಿಸಿಲಿಯಂ ಎಂಬ ಶಿಲೀಂಧ್ರದ ಕೆಲಸ ಅದು. ಬೀಳುವಾಗ ಪೆಟ್ಟಾದ ಜಾಗದಿಂದ, ಗಾಯದಿಂದ ಒಳಹೊಗುತ್ತದೆ. ಹೊರಗಿನ ಸಿಪ್ಪೆ ಬೆಳ್ಳಗೆ ಇದ್ದರೂ ಒಳಗೆ ಎಸಳು ಪೂರಾ ಹಸಿರುಗಟ್ಟಿರಬಹುದು. ಅಂಥ ಎಸಳನ್ನು ಕೆರೆದು, ಕತ್ತರಿಸಿ ಉಳಿಸಿಕೊಳ್ಳಬೇಡಿ. ಗಡ್ಡೆಯ ಎರಡು ಮೂರು ಎಸಳಿಗೆ ಹಿಡಿದಿದ್ದರೆ ಇಡೀ ಗಡ್ಡೆಯನ್ನೇ ಬಿಡಿ.

ಸಿಪ್ಪೆಯ ಪದರಗಳ ನಡುವೆ ಮಸಿಯಂಥ ಕರಿಪುಡಿ ಕಂಡರೆ ಅದು ಆಸ್ಪರ್ಜಿಲಸ್ ಜಾತಿಯದು. ಈರುಳ್ಳಿಯಲ್ಲೂ ನೋಡಿರುತ್ತೀರಿ. ತೀರ ಹೊರಗಿನ ಸಿಪ್ಪೆಗಷ್ಟೇ ಇದ್ದು, ಸುಲಿದಾಗ ಎಸಳು ಗಟ್ಟಿಯಾಗಿ, ಬೆಳ್ಳಗೆ ಇದ್ದರೆ ತೊಳೆದು ಆಗಲೇ ಬಳಸಬಹುದು. ಎಸಳಿನ ಮೈಗೇ ಅಂಟಿದ್ದರೆ ಬೇಡ. ಎಸಳಿನ ಮೇಲೆ ಕಂದು ಬಣ್ಣದ ಗುಳಿ ಬಿದ್ದು, ಒಳಗೆ ಸುಕ್ಕುಗಟ್ಟಿ ಒಣಗುತ್ತ ಹೋಗಿದ್ದರೆ ಫ್ಯುಸೇರಿಯಂ ಕೊಳೆ. ಈ ಜಾತಿಯ ಕೆಲವು ಶಿಲೀಂಧ್ರಗಳು ಬಿಡುವ ವಿಷ ಒಗ್ಗರಣೆಯ ಬಿಸಿಗೆ ಅಳಿಯುವಂಥದ್ದಲ್ಲ. ಹುರಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಧೈರ್ಯ ಇಲ್ಲಿ ನಡೆಯದು.

ಕೆಲವು ಎಸಳು ಬೂಷ್ಟಿಲ್ಲದೆಯೂ ಹಳದಿಯಾಗಿ, ಮೇಣದಂತೆ ಪಾರದರ್ಶಕವಾಗಿ, ಮುಟ್ಟಿದರೆ ಜಿಗುಟಾಗಿರುತ್ತವೆ. ಕೀಳುವ ಮುಂಚಿನ ಅತಿ ಬಿಸಿಲು, ಆಮೇಲೆ ಗಾಳಿಯಿಲ್ಲದ ದಾಸ್ತಾನು ಇದಕ್ಕೆ ಕಾರಣ. ಇದು ರೋಗಾಣು ತಂದದ್ದಲ್ಲ, ಎಸಳು ಬೆಂದು ಉಸಿರುಗಟ್ಟಿದ್ದು. ಆದರೂ ರುಚಿ ಹೋಗಿರುತ್ತದೆ, ಕೊಳೆ ಬೇಗ ಹಿಡಿಯುತ್ತದೆ. ಮಾರುವ ಪದಾರ್ಥಕ್ಕೆ ಸೇರಿಸಬೇಡಿ. ಒತ್ತಿದರೆ ಮೆತ್ತಗೆ ತಗ್ಗುವ, ಲೋಳೆ ಬಿಡುವ, ಹುಳಿ ಅಥವಾ ಕೊಳೆತ ನಾತದ ಎಸಳಿನ ಬಗ್ಗೆ ಹೇಳುವುದೇ ಬೇಡ. ಒಳ್ಳೆಯ ಬೆಳ್ಳುಳ್ಳಿಗೆ ಜಜ್ಜುವವರೆಗೆ ವಾಸನೆ ಕಡಿಮೆ. ಜಜ್ಜಿದಾಗ ಎಸಳಿನ ಕೋಶ ಒಡೆದು ಗಂಧಕದ ಸಂಯುಕ್ತಗಳು ಹುಟ್ಟಿ ಘಾಟು ಏಳುತ್ತದೆ. ಮುಟ್ಟುವ ಮುಂಚೆಯೇ ಚೀಲ ನಾರುತ್ತಿದ್ದರೆ ಒಳಗೆ ಎಲ್ಲೋ ಎಸಳುಗಳು ಒಡೆದು ಕೊಳೆಯುತ್ತಿವೆ.

ಇನ್ನು ಸುಮ್ಮನೆ ಬಿಸಾಡುವ ಒಳ್ಳೆಯ ಮಾಲು. ಮೊಳಕೆ ಬಂದ ಬೆಳ್ಳುಳ್ಳಿ ವಿಷವಲ್ಲ. ಆಲೂಗಡ್ಡೆಯ ಮೊಳಕೆಯ ಭಯವನ್ನು ಜನ ಇದಕ್ಕೂ ಹಚ್ಚುತ್ತಾರೆ. ಎಸಳು ಗಟ್ಟಿಯಿದ್ದರೆ ಸೀಳಿ, ನಡುವಿನ ಹಸಿರು ಕುಡಿ ತೆಗೆದು ಬಳಸಿ. ಕುಡಿ ಸ್ವಲ್ಪ ಕಹಿ, ಅಷ್ಟೇ. ಒಣಗಿ ಜೊಳ್ಳಾದ ಎಸಳಲ್ಲಿ ಅಪಾಯವಿಲ್ಲ, ಹುರುಳೂ ಇಲ್ಲ. ಹೊರಸಿಪ್ಪೆಯ ನೇರಳೆ ಗೆರೆ ತಳಿಯ ಬಣ್ಣ.

ಉಪ್ಪಿನಕಾಯಿ ಹಾಕಿದ ಮೇಲೆ ಎಸಳು ನೀಲಿಯೋ ಹಸಿರೋ ಆಯಿತು ಎಂದು ಗಾಬರಿಯಿಂದ ಇಡೀ ಜಾಡಿ ಚೆಲ್ಲಿದವರಿದ್ದಾರೆ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಹುಳಿಯಲ್ಲಿ ಅದರದೇ ಅಮಿನೋ ಆಮ್ಲಗಳ ಜೊತೆ ಸೇರಿದಾಗ ಆ ಬಣ್ಣ ಏಳುತ್ತದೆ. ತಂಪಿನಲ್ಲಿಟ್ಟು ತೆಗೆದ ಬೆಳ್ಳುಳ್ಳಿಯಲ್ಲಿ ಇದು ಹೆಚ್ಚು. ಉತ್ತರ ಚೀನಾದವರು ಚಳಿಗಾಲದಲ್ಲಿ ವಿನೆಗರಿನಲ್ಲಿಟ್ಟು ಬೇಕೆಂದೇ ಹಸಿರು ಮಾಡಿಕೊಂಡು ಹಬ್ಬಕ್ಕೆ ತಿನ್ನುತ್ತಾರೆ. ಬೂಷ್ಟಾದರೆ ನವಿರು, ಪುಡಿ, ಮುಗ್ಗಲು ವಾಸನೆ ಇರುತ್ತದೆ. ಎಸಳಿನ ಮೈಯೊಳಗೇ ಸಮನಾಗಿ ಬಣ್ಣ ಹರಡಿ, ವಾಸನೆ ಸರಿಯಿದ್ದರೆ ಅದು ಈ ನಿರುಪದ್ರವಿ ನೀಲಿ. ಗಿರಾಕಿ ದೂರು ಹೊತ್ತು ಬಂದರೆ ಹೀಗೆಯೇ ತಿಳಿಸಿ ಹೇಳಿ.

ಕಾಣದ್ದು, ನಾರದ್ದು

ಈವರೆಗೆ ಹೇಳಿದ್ದೆಲ್ಲ ಕಣ್ಣಿಗೆ, ಮೂಗಿಗೆ ಸಿಗುವ ಕೇಡು. ನಾನು ಕಾಗದ ಬರೆಯಲು ಕೂತದ್ದು ಇವೆರಡಕ್ಕೂ ಸಿಗದ ಇನ್ನೊಂದರ ಸಲುವಾಗಿ.

ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಎಷ್ಟು ತೊಳೆದರೂ ಕೆಲವು ಎಸಳಿನ ಜೊತೆ ಉಳಿದುಬಿಡುತ್ತವೆ. ಗಾಳಿಯಿದ್ದಲ್ಲಿ ಅವು ಸುಮ್ಮನಿರುತ್ತವೆ. ಗಾಳಿ ಇಲ್ಲದ, ತೇವ ಇರುವ, ಹುಳಿ ಇಲ್ಲದ, ಬೆಚ್ಚಗಿನ ಜಾಗ ಸಿಕ್ಕರೆ ಎದ್ದು ಬೆಳೆದು ವಿಷ ಬಿಡುತ್ತವೆ. ಹಸಿ ಬೆಳ್ಳುಳ್ಳಿಯ ಹುಳಿ ಅಳೆಯುವ ಅಂಕಿ, ಅಂದರೆ ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು), 5.3ರಿಂದ 6.3ರ ಆಸುಪಾಸು. ಈ ಬ್ಯಾಕ್ಟೀರಿಯಾವನ್ನು ತಡೆಯಲು ಅದು 4.6ಕ್ಕಿಂತ ಕೆಳಗಿರಬೇಕು. ಎಸಳಿನಲ್ಲಿ ನೀರಿದೆ. ಸುತ್ತ ಎಣ್ಣೆ ಇರುವುದರಿಂದ ಗಾಳಿ ಇಲ್ಲ. ನಮ್ಮೂರ ಅಂಗಡಿಯ ಕಪಾಟಿನಲ್ಲಿ ಬೆಚ್ಚನೆಯ ಹವೆಗೇನೂ ಕೊರತೆಯಿಲ್ಲ. ಆ ಬಂಗಾರದ ಬಾಟಲಿ ಈ ಬ್ಯಾಕ್ಟೀರಿಯಾಕ್ಕೆ ಬೇಕಾದ್ದನ್ನೆಲ್ಲ ಅಣಿಮಾಡಿ ಕೊಡುತ್ತದೆ.

ಎಣ್ಣೆಯ ಪದರ ಬೂಷ್ಟನ್ನು ತಡೆಯುತ್ತದೆ ಎನ್ನುವುದು ನಿಜ. ಬೂಷ್ಟಿಗೆ ಗಾಳಿ ಬೇಕು. ಆ ಗಾಳಿಯನ್ನು ತಡೆಯುವ ಪದರವೇ ಈ ಬ್ಯಾಕ್ಟೀರಿಯಾಕ್ಕೆ ಆಸರೆ. ಬೂಷ್ಟು ಬಂದಿದ್ದರೆ ಕಣ್ಣಿಗೆ ಕಂಡು ನೀವು ಚೆಲ್ಲುತ್ತಿದ್ದಿರಿ. ಈ ವಿಷ ಸೇರಿದ ಎಣ್ಣೆ ಮಾತ್ರ ತಿಳಿಯಾಗಿಯೇ, ಘಮಘಮಿಸುತ್ತಲೇ ಇರಬಹುದು. ರುಚಿ ನೋಡಿ ತಿಳಿಯುತ್ತೇನೆ ಎನ್ನಬೇಡಿ. ಅತಿ ಸ್ವಲ್ಪವೂ ಸಾಕು.

ಇದು ಊಹೆಯ ಭಯವಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಒಂದು ಹೋಟೆಲಿನಲ್ಲಿ ಉಂಡ 36 ಮಂದಿಗೆ ಈ ವಿಷ ತರುವ ಬಾಟುಲಿಸಂ ಎಂಬ ಕಾಯಿಲೆ ತಗುಲಿತು. ಕಾರಣ ಹುಡುಕುತ್ತ ಹೋದವರು ತಲುಪಿದ್ದು ಎಣ್ಣೆಯಲ್ಲಿ ಹಾಕಿದ ಕೊಚ್ಚಿದ ಬೆಳ್ಳುಳ್ಳಿಯ ಬಾಟಲಿಗೆ. ಅದನ್ನು ಫ್ರಿಜ್ಜಿನಲ್ಲಿಡದೆ ಹೊರಗೇ ಇಟ್ಟಿದ್ದರು. ನಾಲ್ಕು ವರ್ಷದ ಮೇಲೆ, 1989ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್ನಿನಲ್ಲಿ ಅಂಥದೇ ಬಾಟಲಿಯಿಂದ ಮೂವರು ಕಾಯಿಲೆ ಬಿದ್ದರು. ಆಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಣ್ಣೆಯ ಬೆಳ್ಳುಳ್ಳಿಗೆ ಹುಳಿ ಸೇರಿಸಲೇಬೇಕು, ಫ್ರಿಜ್ಜಿನಲ್ಲಿಡಿ ಎಂಬ ಚೀಟಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ ಎಂದು ಕಂಪನಿಗಳಿಗೆ ಕಟ್ಟಪ್ಪಣೆ ಮಾಡಿತು. ದೊಡ್ಡ ಕಂಪನಿಯ ಬಾಟಲಿಯ ಹಿಂದೆ ಸಿಟ್ರಿಕ್ ಆಮ್ಲ ಎಂದು ಬರೆದಿರುವುದನ್ನು ಕಂಡು ಕೆಮಿಕಲ್ ಹಾಕಿದ್ದಾರೆ ಎಂದು ಮೂಗು ಮುರಿಯುವವರು ಈ ಹಿನ್ನೆಲೆಯನ್ನೂ ತಿಳಿದಿರಲಿ.

ಕಾಯಿಲೆಯ ಲಕ್ಷಣ ಸಾಮಾನ್ಯವಾಗಿ ಉಂಡ 12ರಿಂದ 36 ಗಂಟೆಯೊಳಗೆ, ಕೆಲವೊಮ್ಮೆ ದಿನಗಳು ಕಳೆದ ಮೇಲೆ ಕಾಣುತ್ತದೆ. ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಬಾಯಿ ಒಣಗುವುದು, ಮಾತು ತೊದಲುವುದು, ನುಂಗಲಾಗದಿರುವುದು, ಆಮೇಲೆ ಬಲಹೀನತೆ ಕುತ್ತಿಗೆಯಿಂದ ಕೆಳಕ್ಕೆ ಇಳಿಯುತ್ತ ಉಸಿರಾಟಕ್ಕೇ ತೊಡಕಾಗುವುದು. ಜ್ವರ ಇರುವುದಿಲ್ಲ. ಹಾಗಾಗಿ ಲಕ್ವವೋ ಇನ್ನೇನೋ ಎಂದುಕೊಂಡುಬಿಡುವ ಸಂಭವ ಹೆಚ್ಚು. ಹೀಗಾದರೆ ಮನೆಮದ್ದು ಬೇಡ, ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು, ಏನು ತಿಂದಿದ್ದೆವೆಂದು ಹೇಳಬೇಕು. ಇದಕ್ಕೆ ಪ್ರತಿವಿಷ ಇದೆ. ಬೇಗ ಕೊಟ್ಟಷ್ಟೂ ಒಳ್ಳೆಯದು.

ಅಜ್ಜಿಯ ಜಾಡಿ ಕೆಡಲಿಲ್ಲವಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಅಜ್ಜಿಯ ಭರಣಿಯಲ್ಲೂ ಎಣ್ಣೆ ಮೇಲೆ ನಿಂತಿತ್ತು. ಆದರೆ ಎಣ್ಣೆಯ ಕೆಳಗೆ ಏನಿತ್ತು ನೋಡಿ. ಬಾಯಿ ಸೆಳೆಯುವಷ್ಟು ಉಪ್ಪು. ನಿಂಬೆರಸವೋ ಹುಣಸೆಯೋ ಧಾರಾಳ. ಎಸಳನ್ನು ಬಟ್ಟೆಯ ಮೇಲೆ ಹರಡಿ ನೀರು ಆರುವವರೆಗೆ ಒಣಗಿಸಿದ ತಾಳ್ಮೆ. ಪದಾರ್ಥದೊಳಗಿನ ನೀರಿಗೆ ನೂರಕ್ಕೆ 10ರಷ್ಟು ಉಪ್ಪು ಬಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯದು. ಪಿಎಚ್ 4.6ಕ್ಕಿಂತ ಕೆಳಗಿಳಿದರೂ ಬೆಳೆಯದು. ಅಜ್ಜಿ ಈ ಅಂಕಿಗಳನ್ನು ಬಲ್ಲವಳಲ್ಲ, ಆದರೆ ಅವಳ ಅಳತೆ ಎರಡನ್ನೂ ದಾಟಿಯೇ ಇರುತ್ತಿತ್ತು. ನಮ್ಮ ರಂಜಕವನ್ನೇ ನೋಡಿ: ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತ್ಯ ಇವಕ್ಕೆ ಉಪ್ಪು, ಹುಳಿ ಧೈರ್ಯವಾಗಿ ಬಿದ್ದಾಗಲೇ ಅದು ವರ್ಷ ನಿಲ್ಲುವ ರಂಜಕ.

ಈಗ ಗಿರಾಕಿಗಳಾದ ನಾವು ಏನು ಕೇಳುತ್ತಿದ್ದೇವೆ? ಬಿಪಿ ಇದೆ, ಉಪ್ಪು ಕಡಿಮೆ ಹಾಕಿ. ಅಸಿಡಿಟಿ, ಹುಳಿ ಬೇಡ. ಪ್ರಿಸರ್ವೇಟಿವ್ ಬೇಡವೇ ಬೇಡ. ಆದರೆ ಮಗನ ಜೊತೆ ಅಮೆರಿಕಕ್ಕೆ ಕಳಿಸಬೇಕು, ಆರು ತಿಂಗಳು ಇರಬೇಕು. ನೀವು ನಮ್ಮ ಮಾತು ಕೇಳಿ ಉಪ್ಪು ಇಳಿಸಿದಿರಿ, ಹುಳಿ ಇಳಿಸಿದಿರಿ. ಬಾಳಿಕೆಯ ತಾರೀಖನ್ನು ಮಾತ್ರ ಇಳಿಸಲಿಲ್ಲ. ತೊಂದರೆ ಇರುವುದು ಅಲ್ಲಿ. ಉಪ್ಪು-ಹುಳಿ ಕಡಿಮೆ ಮಾಡುವುದು ತಪ್ಪಲ್ಲ. ಹಾಗೆ ಮಾಡಿದ ದಿನದಿಂದ ಅದು ಉಪ್ಪಿನಕಾಯಿಯಲ್ಲ, ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಬೇಕಾದ ಹಸಿ ಚಟ್ನಿ.

ಚೆನ್ನಾಗಿ ಕುದಿಸಿದರೆ, ಎಣ್ಣೆಯಲ್ಲಿ ಹುರಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಬೀಜಾಣು ಕುದಿಯುವ ನೀರಿಗೆ ಸಾಯುವುದಿಲ್ಲ. ಅದಕ್ಕೆ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆ ಬೇಕು. ಬಾಣಲೆಯ ಎಣ್ಣೆ ಎಷ್ಟೇ ಕಾದಿದ್ದರೂ ಎಸಳಿನೊಳಗೆ ನೀರು ಇರುವ ತನಕ ಒಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅರೆಹುರಿದು ಮೆತ್ತಗಿರುವ ಎಸಳನ್ನು ಎಣ್ಣೆಯಲ್ಲೇ ಬಿಟ್ಟು ಮುಚ್ಚಳ ಹಾಕಿದರೆ ಬೀಜಾಣುವಿನ ಎದುರಾಳಿಗಳನ್ನಷ್ಟೇ ಕೊಂದು ಅದಕ್ಕೆ ಜಾಗ ಬಿಟ್ಟುಕೊಟ್ಟಂತೆ.

ಹಾಗಾದರೆ ಹೇಗೆ ಮಾಡುವುದು?

ಬೆಳ್ಳುಳ್ಳಿ ಎಣ್ಣೆಯನ್ನು ಮಾರಲೇಬೇಕೆಂದಿದ್ದರೆ ಹುಳಿ ಮೊದಲು, ಎಣ್ಣೆ ಆಮೇಲೆ. ಎಣ್ಣೆಯೊಳಗೆ ನಿಂಬೆರಸ ಹಿಂಡಿದರೆ ಅದು ಎಸಳಿನೊಳಗೆ ಇಳಿಯುವುದಿಲ್ಲ, ತಳಕ್ಕೆ ಹೋಗಿ ಕೂರುತ್ತದೆ. ಅಮೆರಿಕದ ಐಡಾಹೊ ವಿಶ್ವವಿದ್ಯಾಲಯದವರು ಮನೆಮಟ್ಟಕ್ಕೆಂದು ಪರೀಕ್ಷಿಸಿ ಕೊಟ್ಟ ಕ್ರಮ ಹೀಗಿದೆ. ಸುಲಿದ ಬೆಳ್ಳುಳ್ಳಿಯನ್ನು 6 ಮಿಲಿಮೀಟರಿಗಿಂತ ದಪ್ಪವಿಲ್ಲದಂತೆ ಕೊಚ್ಚಬೇಕು. ನೂರಕ್ಕೆ 3ರಷ್ಟು ಸಿಟ್ರಿಕ್ ಆಮ್ಲದ, ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದರ, ನೀರು ಮಾಡಿಕೊಳ್ಳಬೇಕು. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ. ಒಂದು ತೂಕ ಬೆಳ್ಳುಳ್ಳಿಗೆ ಮೂರು ತೂಕ ಈ ನೀರು. ಪೂರಾ ಮುಳುಗಿಸಿ ಕನಿಷ್ಠ 24 ಗಂಟೆ ನೆನೆಸಿ, ಬಸಿದು, ಆಮೇಲೆ ಎಣ್ಣೆಗೆ ಹಾಕಬೇಕು. ಅಳತೆಯಲ್ಲಿ ಕೈಯಂದಾಜು ಬೇಡ, ತಕ್ಕಡಿ ಬಳಸಿ. ಇಡೀ ಎಸಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಶುಂಠಿ-ಬೆಳ್ಳುಳ್ಳಿ ಪೇಸ್ಟಿಗೆ ತಂಪೇ ಭದ್ರ ದಾರಿ. ರುಬ್ಬಿ, ಸಣ್ಣ ಸಣ್ಣ ಪೊಟ್ಟಣ ಮಾಡಿ, ನೇರ ಫ್ರೀಜರಿಗೆ ಹಾಕಿ. ಮಾರುವಾಗಲೂ ಗಟ್ಟಿ ಕಟ್ಟಿದ್ದನ್ನೇ ಐಸ್ ಡಬ್ಬಿಯಲ್ಲಿಟ್ಟು ಮಾರಿ. ಫ್ರೀಜರ್ ಇಲ್ಲದ ಸಂಘ ಪೇಸ್ಟನ್ನು ಮಾರದಿರುವುದೇ ವಾಸಿ. ಸುಲಿದ ಎಸಳನ್ನು ಮಾರುವವರು ಡಬ್ಬಿಯ ತಳಕ್ಕೆ ಒಣ ಬಟ್ಟೆ ಹಾಸಿ, 4 ಡಿಗ್ರಿಯೊಳಗಿನ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಖಾಲಿ ಮಾಡಿ. ಡಬ್ಬಿಯೊಳಗೆ ನೀರಹನಿ ಕಂಡರೆ ಲೋಳೆ ದೂರವಿಲ್ಲ.

ಚಟ್ನಿಪುಡಿ ಈ ಎಲ್ಲದರಲ್ಲಿ ಸುಲಭದ್ದು. ಬೆಳ್ಳುಳ್ಳಿಯನ್ನು ಕರುಮುರು ಎನ್ನುವಷ್ಟು ಹುರಿದು ನೀರಿನ ಪಸೆ ಪೂರಾ ಆರಿಸಿದರೆ ಯಾವ ಬ್ಯಾಕ್ಟೀರಿಯಾಕ್ಕೂ ಆಸ್ಪದವಿಲ್ಲ. ಹಸಿ ಎಸಳು ಕುಟ್ಟಿ ಸೇರಿಸಿದ ಪುಡಿಗೆ ಘಮ ಹೆಚ್ಚು, ಬಾಳಿಕೆ ಕಡಿಮೆ. ಎರಡನ್ನೂ ಮಾಡಿ, ಆದರೆ ಎರಡಕ್ಕೂ ಒಂದೇ ತಾರೀಖು ಹಾಕಬೇಡಿ.

ಉಪ್ಪಿನಕಾಯಿ, ರಂಜಕ ಮಾಡುವ ಪ್ರತಿ ಸಂಘವೂ ಒಂದು ಸಣ್ಣ ಡಿಜಿಟಲ್ ಪಿಎಚ್ ಮೀಟರ್ ಕೊಳ್ಳಲಿ. ಬಣ್ಣ ತೋರಿಸುವ ಕಾಗದದ ಪಟ್ಟಿ ನಮ್ಮ ಕೆಂಪು ಖಾರದಲ್ಲಿ ಕೆಂಪಾಗಿಯೇ ಬಿಡುತ್ತದೆ, ನೆಚ್ಚುವಂತಿಲ್ಲ. ಎಣ್ಣೆ ಬಸಿದು, ಉಳಿದದ್ದನ್ನು ನುಣ್ಣಗೆ ರುಬ್ಬಿ ನೋಡಬೇಕು. ಎಸಳಿನ ನಡುವಿಗೂ ಹುಳಿ ಇಳಿದಿದೆಯೇ ಎಂಬುದು ಮುಖ್ಯ, ಹಾಗಾಗಿ ಹಾಕಿದ ದಿನ ನೋಡಿ ಬಿಡದೆ ಕೆಲವು ದಿನ ಬಿಟ್ಟು ಮತ್ತೆ ನೋಡಿ. 4.6 ಎಲ್ಲೆಗೆರೆ, ನೀವು 4ರ ಕೆಳಗೆ ನಿಲ್ಲಿಸಿಕೊಂಡರೆ ನಿಶ್ಚಿಂತೆ. ಮೀಟರನ್ನು ಸರಿಹೊಂದಿಸಿಕೊಳ್ಳುವುದು ಹೇಗೆ, ಎಷ್ಟು ಕೆಜಿಗೆ ಎಷ್ಟು ಹುಳಿ ಎನ್ನುವುದನ್ನೆಲ್ಲ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಗೃಹವಿಜ್ಞಾನ ವಿಭಾಗದವರನ್ನು ಕೇಳಿ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲೂ ಆಹಾರ ಸಂಸ್ಕರಣೆಯ ಅಲ್ಪಾವಧಿ ತರಬೇತಿಗಳು ನಡೆಯುತ್ತವೆ. ಸಂಘದಿಂದ ಇಬ್ಬರು ಹೋಗಿ ಕಲಿತು ಬಂದರೆ ಉಳಿದವರಿಗೆ ಹೇಳಿಕೊಡಬಹುದು.

ಗಿರಾಕಿಯ ಬೇಡಿಕೆ

ಕೊನೆಗೆ ನಾನು ಕೇಳುವುದು ಇಷ್ಟು. ಬಾಟಲಿಯ ಮೇಲೆ ತಯಾರಾದ ತಾರೀಖು, ಮುಗಿಯುವ ತಾರೀಖು ಎರಡನ್ನೂ ಕನ್ನಡದಲ್ಲಿ, ಓದಲು ಬರುವ ಗಾತ್ರದಲ್ಲಿ ಹಾಕಿ. ಫ್ರಿಜ್ಜಿನಲ್ಲೇ ಇಡಬೇಕಾದದ್ದಕ್ಕೆ ಹಾಗೆಂದು ಮುಖಕ್ಕೇ ಬರೆಯಿರಿ. ಹುಳಿ ಸೇರಿಸದ ಎಣ್ಣೆ-ಬೆಳ್ಳುಳ್ಳಿಯ ಬಾಟಲಿಗಳು ಈಗ ನಿಮ್ಮ ಕಪಾಟಿನಲ್ಲಿದ್ದರೆ ಅವನ್ನು ಇಳಿಸಿ, ಮಾರಿದ್ದನ್ನು ವಾಪಸು ತರಿಸಿಕೊಳ್ಳಿ. ನಷ್ಟ ನೋಡಿ ಕರುಳು ಚುರುಕ್ಕೆನ್ನುತ್ತದೆ, ನಿಜ, ಆದರೂ ಮಾಡಿ. ಹುಳಿ ಹಾಕಿದ್ದನ್ನು ಗುಟ್ಟು ಮಾಡಬೇಡಿ. ನಿಂಬೆ ಉಪ್ಪು ಹಾಕಿದ್ದೇವೆ, ನಿಮ್ಮ ಕ್ಷೇಮಕ್ಕೆ ಎಂದು ಬರೆಯಿರಿ. ಆರು ತಿಂಗಳು ಇರುವುದೇ ಎಂದು ಕೇಳುವವರಿಗೆ ಇರುವುದಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ. ಹಾಗೆ ಹೇಳಿದವರಿಂದಲೇ ನಾನು ಕೊಳ್ಳುತ್ತೇನೆ.

ನನ್ನಂಥ ಗಿರಾಕಿಗಳ ಪಾಲಿನ ಕೆಲಸವನ್ನೂ ಒಪ್ಪಿಕೊಳ್ಳುತ್ತೇನೆ. ಉಪ್ಪೂ ಬೇಡ, ಹುಳಿಯೂ ಬೇಡ, ಬಾಳಿಕೆ ಮಾತ್ರ ಬೇಕು ಎಂದು ಹಟ ಹಿಡಿಯುವುದಿಲ್ಲ. ಸಣ್ಣ ಬಾಟಲಿ ಕೊಂಡು ಬೇಗ ಮುಗಿಸುತ್ತೇವೆ. ನೀವು ಎರಡು ರೂಪಾಯಿ ಹೆಚ್ಚು ಹೇಳಿದರೆ ಅದರಲ್ಲಿ ಆರಿಸಿ ಬಿಸಾಡಿದ ಎಸಳಿನ ಬೆಲೆ, ಪಿಎಚ್ ಮೀಟರಿನ ಬೆಲೆ ಸೇರಿದೆ ಎಂದು ತಿಳಿದು ಚೌಕಾಶಿ ಮಾಡದೆ ಕೊಡುತ್ತೇವೆ.

ಮುಂದಿನ ಮೇಳಕ್ಕೆ ಬರುತ್ತೇನೆ. ಬಾಟಲಿ ಕೈಗೆತ್ತಿಕೊಂಡು ಮೊದಲು ಹಿಂದಿನ ಚೀಟಿ ಓದುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಂತಿ,
ನಿಮ್ಮ ರಂಜಕದ ಖಾಯಂ ಗಿರಾಕಿ